ಕೋಟು ತೊಟ್ಟ ಅಂಜೂರ

ಬೀದಿಗೆಲ್ಲ ಅವಳು ಕೋಟಿನಕ್ಕ. ಕೆಳಗಿನ ಕೋಣೆಯಲ್ಲಿ ಹೊಲಿಗೆ ಅಂಗಡಿ, ಮೇಲಿನೆರಡರಲ್ಲಿ ಸಂಸಾರ. ಹಿತ್ತಲೆಂದರೆ ಅಂಗೈಯಗಲದ ಕಲ್ಲುಹಾಸು, ಬಿಸಿಲು ಬೀಳುವ ಒಂದು ಇಟ್ಟಿಗೆ ಗೋಡೆ, ಗೋಡೆಗೆ ಬೆನ್ನು ಕೊಟ್ಟು ನಿಂತ ಒಂದು ಅಂಜೂರ.

ಆ ಚಳಿ ಊರಿನಲ್ಲಿ ಅಂಜೂರ ನೆಟ್ಟವನು ಅವಳ ಗಂಡ, ಲಿಫ್ಟ್ ರಿಪೇರಿಯವನು. ಬೇರು ಹರಡಿದರೆ ಬರೀ ಎಲೆ ಹೆಚ್ಚುತ್ತದೆಂದು ಗುಂಡಿಯ ಸುತ್ತ ಕಲ್ಲು ಕಟ್ಟಿದ್ದ. "ಇಕ್ಕಟ್ಟಾದ್ರೇನೇ ಮರ ಹಣ್ಣು ಬಿಡೋದು, ಜೇಬು ಖಾಲಿಯಾದ್ರೇನೇ ಗಂಡಸು ಮನೇಲಿರೋದು" ಎಂದು ಅವಳನ್ನು ನಗಿಸಿದ್ದ.

ಚಳಿ ಬಲಿಯುವ ಮೊದಲು ಮರಕ್ಕೆ ಹುಲ್ಲು ಸುತ್ತಿ, ಹೊಲಿಯಲು ಕೊಟ್ಟು ಮರಳಿ ಬಾರದವರ ಕೋಟುಗಳನ್ನು ತೊಡಿಸಿ ಗುಂಡಿ ಹಾಕುವುದು ಅವಳ ಕೆಲಸ. ಅದಕ್ಕೂ ಮುಂಚಿನದು ಅವನದು. ಹೆಬ್ಬೆರಳಿನಷ್ಟು ಬೆಳೆದೂ ಹಸಿರಾಗಿಯೇ ಉಳಿದ ಕಾಯಿಗಳನ್ನು ಕೀಳಬೇಕು. ಅವು ಚಳಿಗೆ ಕೊಳೆಯುತ್ತವೆ. ಕೊಂಬೆ ತುದಿಯ ಬಟಾಣಿಯಂಥ ಪುಟ್ಟವನ್ನು ಮುಟ್ಟಬಾರದು. ಮುಂದಿನ ಬೇಸಿಗೆಯ ಹಣ್ಣು ಅವೇ. ಗೊತ್ತಿಲ್ಲದವರು ತಿರುಗಾಮುರುಗಾ ಮಾಡುತ್ತಾರೆ. ಅವನ ಬೆರಳು ಎಂದೂ ತಪ್ಪಿರಲಿಲ್ಲ.

ಆ ವರ್ಷ ನಾದಿನಿ ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂತಳು.

"ಅತ್ತಿಗೆ, ನಿನ್ನೆ ಅಣ್ಣ ನಮ್ಮನೆ ಬಾಗಿಲು ತಟ್ಟಿ, ಲಿಫ್ಟ್ ಕೆಟ್ಟಿದೆಯಂತಲ್ಲ ಅಂದ. ನಮ್ಮನೆಗೆ ಮೆಟ್ಟಿಲೇ ಇಲ್ಲ."

ಇಬ್ಬರೂ ನಕ್ಕರು. ನಕ್ಕ ಮೇಲೆ ಇಬ್ಬರಿಗೂ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಮರೆವಿನವರ ಆರೈಕೆ ಮನೇಲಿ ಒಂದು ಹಾಸಿಗೆ ಖಾಲಿ ಇದೆಯಂತೆ. ಅಣ್ಣನ್ನ ಅಲ್ಲಿ ಬಿಡೋಣ ಅತ್ತಿಗೆ. ನೀನೂ ಕಲ್ಲಲ್ಲ."

"ತಲೆ ಮರೆತರೂ ಕೈ ಮರೆತಿಲ್ಲ ಕಣೇ. ನಾಳೆ ಮರದ ಕೆಲಸ ಅವರ ಕೈಲೇ ಮಾಡಿಸ್ತೀನಿ, ನೀನೇ ಬಂದು ನೋಡು. ತಪ್ಪಿದ್ರೆ ನೀ ಹೇಳಿದ ಹಾಗೇ ಆಗ್ಲಿ."

ಮರುದಿನ ನಾದಿನಿಯ ಎದುರೇ ಅವನು ಏಣಿಯ ಒಂದೊಂದು ಮೆಟ್ಟಿಲನ್ನೂ ಹಿಂದಿನಂತೆಯೇ ತಟ್ಟಿ ನೋಡಿ ಹತ್ತಿದ. ಕೈ ಚುರುಕಾಗಿ ಓಡಿತು. ಕೆಳಗೆ ನಿಂತ ಅವಳು ಏಣಿ ಹಿಡಿದುಕೊಂಡು, ಬಹಳ ದಿನಗಳ ಮೇಲೆ ಹಗುರಾಗಿ ಉಸಿರಾಡಿದಳು.

ಅವನು ಇಳಿದು ಬಂದು ಅವಳ ಮುಂದೆ ಮುಷ್ಟಿ ಬಿಚ್ಚಿದ. ಮರದ ಹಾಲಂಟಿದ ಅಂಗೈ ತುಂಬ ಬಟಾಣಿಯಂಥ ಕಾಯಿಗಳು.

"ಒಂದನ್ನೂ ಬಿಡ್ಲಿಲ್ಲ ನೋಡು."

ಮರದ ಮೇಲೆ ದೊಡ್ಡವೆಲ್ಲ ಹಸಿರಾಗಿ ತೂಗುತ್ತಿದ್ದವು.

ನಾದಿನಿ ಜನ್ಮದಲ್ಲಿ ಒಂದು ಕುಂಡವನ್ನೂ ಇಟ್ಟವಳಲ್ಲ. "ಸರಿಯಾಗಿದ್ಯಾ ಅತ್ತಿಗೆ?" ಎಂದಳು.

ಕೋಟಿನಕ್ಕ ಗಂಡನ ಅಂಗೈಯನ್ನು ತನ್ನೆರಡು ಕೈಗಳಿಂದ ಮುಚ್ಚಿದಳು.

"ಸರಿಯಾಗೇ ಇದೆ. ಅವರ ಕೈ ಎಂದಾದ್ರೂ ತಪ್ಪಿದ್ದುಂಟಾ?"

"ಹಾಗಾದ್ರೆ ಇರ್ಲಿ ಬಿಡು. ಈ ಚಳಿಗಾಲ ಕಳೀಲಿ."

ನಾದಿನಿ ಹೋದ ಮೇಲೆ ಅವಳೇ ಏಣಿ ಹತ್ತಿ ದೊಡ್ಡ ಕಾಯಿಗಳನ್ನು ಕಿತ್ತಳು. ಕಾಯಲು ಏನೂ ಉಳಿಯದ ಮರಕ್ಕೆ ಎಂದಿನಂತೆ ಹುಲ್ಲು ಸುತ್ತಿ, ಕೋಟು ತೊಡಿಸಿ, ಕೊರಳಿನವರೆಗೆ ಗುಂಡಿ ಹಾಕಿದಳು. ಕಾಯಿಗಳನ್ನು ಕುದಿಸಿ, ಕಹಿ ನೀರು ಚೆಲ್ಲಿ, ಮತ್ತೆ ಕುದಿಸಿ, ಮತ್ತೆ ಚೆಲ್ಲಿ, ಕೊನೆಗೆ ಸಕ್ಕರೆ ಪಾಕದಲ್ಲಿ ಸಣ್ಣ ಉರಿಗೆ ಬಿಟ್ಟಳು. ಕಿಟಕಿಯ ಗಾಜು ಹಬೆಯಿಂದ ಮಸುಕಾಗಿ ಮರ ಕಾಣದಾಯಿತು. ಅಷ್ಟಾದರೂ ಆಯಿತಲ್ಲ ಎನಿಸಿತು.

ಅವನು ತಟ್ಟೆಯಲ್ಲಿದ್ದುದನ್ನು ಚಮಚದಲ್ಲಿ ಕತ್ತರಿಸಿ ನಿಧಾನವಾಗಿ ತಿಂದ. ಆಮೇಲೆ ಕಂಡವರ ಮನೆಯಲ್ಲಿ ಉಂಡವನಂತೆ ಸಂಕೋಚದಿಂದ ತಲೆಯೆತ್ತಿದ.

"ಚೆನ್ನಾಗಿದೆ. ಬೇಜಾರು ಮಾಡ್ಕೋಬೇಡಿ, ನಮ್ಮನೆಯವಳು ಇನ್ನೂ ಚೆನ್ನಾಗಿ ಮಾಡ್ತಾಳೆ."

ಒಲೆಯ ಕಡೆ ತಿರುಗಿದ್ದ ಅವಳು ಅಲ್ಲಿಂದಲೇ ಕೇಳಿದಳು.

"ಹೌದಾ? ಒಂದ್ಸಲ ಅವರನ್ನೂ ಕರ್ಕೊಂಡು ಬನ್ನಿ."

"ಈಗ ಬರೋಲ್ಲ ಅವಳು. ಮರಕ್ಕೆ ಚಳಿಯಾಗುತ್ತೆ ಅಂತ ಕೋಟು ಹೊಲೀತಾ ಕೂತಿದ್ದಾಳೆ."