ಭಾವನ ಹೆಸರು

ನೆನಪಿನ ತರಗತಿಯ ಹಿಂದೆ ಸೊಸೆಯ ಕೈವಾಡವಿದೆ ಎಂದು ಜೂರಾಕನ್ ಮೊದಲ ದಿನವೇ ತೀರ್ಮಾನಿಸಿದ್ದಳು. ಆತ್‌ಬಾಷಿ ಊರಿನ ಆಸ್ಪತ್ರೆಯಲ್ಲಿ ವಯಸ್ಸಾದವರನ್ನು ಕೂರಿಸಿ ಚಿತ್ರ ಗುರುತಿಸುವುದು, ಕೇಳಿದ ಕತೆ ತಿರುಗಿ ಹೇಳುವುದು, ಹೀಗೆಲ್ಲ ಮಾಡಿಸುತ್ತಿದ್ದರು. ಅದಕ್ಕೆ ಅವಳ ತಕರಾರಿರಲಿಲ್ಲ. ಆದರೆ ಮಗ ಮಿರ್ಲಾನ್ ಒಂದು ಷರತ್ತು ಸೇರಿಸಿದ್ದ: ನರ್ಸ್ ಸರಿ ಎಂದರೆ ಮಾತ್ರ ಅಮ್ಮ ಈ ಬೇಸಿಗೆ ಮಂದೆಯೊಂದಿಗೆ ಮೇಲಿನ ಹುಲ್ಲುಗಾವಲಿಗೆ ಬರಬಹುದು. ಹೋದ ವರ್ಷ ಕುದುರೆ ಹಾಲು ಕರೆಯಲು ಹೋದವಳು ಡೇರೆಯ ದಾರಿ ತಪ್ಪಿದ್ದಳು. ಮಂಜು ಕವಿದಿತ್ತು ಎಂಬುದು ಅವಳ ವಾದ.

ಆವತ್ತು ರಾಜಧಾನಿ ಬಿಷ್ಕೆಕ್‌ನಿಂದ ಬಂದಿದ್ದ ರಷ್ಯನ್ ನರ್ಸ್ ಲಾರಿಸಾ ಒಂದು ಫೋಟೊ ಮುಂದಿಟ್ಟಳು. ಜೂರಾಕನ್‌ಳದೇ ಮದುವೆಯ ಫೋಟೊ.

"ಇದು ನಿನ್ನ ಕೈಗೆ ಹೇಗೆ ಬಂತು?"

"ನಿಮ್ಮ ಸೊಸೆ ಕೊಟ್ಟಳು, ಅಜ್ಜಿ. ಇವರು ಯಾರು?"

"ನನ್ನ ತಂಗಿ, ಸಾಲಿಯಾ."

"ಇವರು?"

"ಹಿರಿಯರು. ನಮ್ಮ ಯಜಮಾನರ ಅಣ್ಣ."

"ಹೆಸರು?"

ಜೂರಾಕನ್ ಬಾಯಿ ಬಿಗಿದಳು. ಲಾರಿಸಾ ಕಾದಳು, ಹಾಳೆಯಲ್ಲಿ ಮೆಲ್ಲಗೆ ಏನೋ ಗುರುತು ಹಾಕಿಕೊಂಡಳು. ಬಾಗಿಲ ಬಳಿ ಸೊಸೆ ಬುರುಲ್ ತಲೆ ತಗ್ಗಿಸಿ ನಿಂತಿದ್ದಳು. ಬೇಕೆಂದೇ ಈ ಫೋಟೊ ಆರಿಸಿದ್ದಾಳೆ, ಬಲೆ ಹೆಣೆದು ಈಗ ಮೀನು ಬೀಳುವುದನ್ನು ಕಾಯುತ್ತಿದ್ದಾಳೆ ಎಂದುಕೊಂಡಳು ಮುದುಕಿ.

"ಮರೆತು ಹೋಯ್ತಾ, ಅಜ್ಜಿ? ಪರವಾಗಿಲ್ಲ."

"ಮರೆಯೋದಾ?" ಜೂರಾಕನ್ ಕೈ ಚಾಚಿದಳು. "ಬುರುಲ್, ಇಲ್ಲಿ ಬಾ. ನಿನ್ನ ಮಾವನ ಹೆಸರೇನು? ಈ ಹುಡುಗಿಗೆ ಹೇಳು."

ಬುರುಲ್‌ಳ ಮುಖ ಕೆಂಪೇರಿತು. ತಲೆವಸ್ತ್ರದ ತುದಿ ಬಾಯಿಗೆ ಹೋಯಿತು.

"ನೋಡು, ಇವಳಿಗೂ ಮರೆವಿನ ಕಾಯಿಲೆ," ಎಂದಳು ಜೂರಾಕನ್. "ಇವಳನ್ನೂ ಮನೇಲೇ ಕೂರಿಸು. ಮಂದೆ ಹಿಂದೆ ಮಿರ್ಲಾನ್ ಒಬ್ಬನೇ ಹೋಗ್ಲಿ."

ಸಾಲಿನಲ್ಲಿದ್ದ ಮುದುಕಿಯರು ನಕ್ಕರು. ಗಂಡನ ಕಡೆಯ ಹಿರಿಯರ ಹೆಸರನ್ನು ಮನೆಗೆ ಬಂದ ಹೆಣ್ಣು ಉಚ್ಚರಿಸುವುದಿಲ್ಲ ಎಂದು ಅವರಲ್ಲೊಬ್ಬಳು ಲಾರಿಸಾಗೆ ಬಿಡಿಸಿ ಹೇಳಿದಳು. ಲಾರಿಸಾ ಹಾಕಿದ ಗುರುತು ಅಳಿಸಿದಳು.

"ಹಾಗಾದ್ರೆ ಅವರ ಬಗ್ಗೆ ಹೇಳಿ, ಅಜ್ಜಿ."

ಭಾವ ಯಾವ ಕುದುರೆಯಿಂದ ಬಿದ್ದ, ಯಾವ ಹಲ್ಲು ಮುರಿಯಿತು, ಅದಕ್ಕೆ ಹೆಂಡತಿ ಏನೆಂದು ಬೈದಳು, ಎಲ್ಲ ಬಂತು. ಸಾಕು ಎನ್ನುವವರೆಗೂ ಬಂತು. ಹೋಗಬಹುದು, ಆದರೆ ಒಬ್ಬರೇ ದೂರ ನಡೆಯಬಾರದು ಎಂದಳು ಲಾರಿಸಾ.

ಹೊರಗೆ ಜೂರಾಕನ್ ಸೊಸೆಯನ್ನು ತಡೆದಳು. "ನಾನು ಹೆಸರು ಹೇಳೋ ಹಾಗಿಲ್ಲ ಅಂತ ನಿನಗೆ ಗೊತ್ತಿತ್ತಲ್ಲ. ಯಾಕೆ ಬಾಯಿ ಬಿಡಲಿಲ್ಲ?"

"ನಾನು ಹೇಳಿದ್ರೆ, 'ನನ್ನ ಪರ ನೀನ್ಯಾಕೆ ವಕಾಲತ್ತು ಮಾಡ್ತೀಯ' ಅಂತಿದ್ರಿ, ಅತ್ತೆ."

ಅನ್ನುತ್ತಿದ್ದಳು, ನಿಜ. ಆದರೂ ಜೂರಾಕನ್, ಲಾರಿಸಾ ವಾಪಸ್ ಕೊಟ್ಟಿದ್ದ ಫೋಟೊವನ್ನು ಅವಳ ಕೈಯಿಂದ ಕಿತ್ತುಕೊಂಡು ತನ್ನ ಜೇಬಿಗೆ ಸೇರಿಸಿದಳು.

"ಹುಲ್ಲುಗಾವಲಿಗೆ ಹೋಗೋ ಲಾರೀಲಿ ಡ್ರೈವರ್ ಪಕ್ಕದ ಸೀಟು ನನಗೆ," ಎಂದಳು.