ಅಟ್ಟದ ಮೇಲಿನ ಮೀನು

ದೆವ್ವ, ಮಾಟ, ಶಕುನ ಯಾವುದನ್ನೂ ನಾನು ನಂಬಿದವಳಲ್ಲ. ಕಾನ್ವೆಂಟಿನಲ್ಲಿ ಓದಿದವಳು. ಯಾರಾದರೂ ಅಂಥ ಕಥೆ ತೆಗೆದರೆ ನಯವಾಗಿ ನಕ್ಕು ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದೆ. ಈಗ ನೀವೂ ನಗಬಹುದು. ಪೂರ್ತಿ ಓದಿ ನಗಿ.

ಆರೇಳು ವರ್ಷದ ಹಿಂದಿನ ಮಾತು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆ ಹತ್ತಿರದ ನಮ್ಮ ಮನೆಯಲ್ಲಿ ಅಟ್ಟ ಏರಿದ ತೆಂಗಿನಕಾಯನ್ನು, ಒಳಗೇ ಒಣಗಿ ಕೊಬ್ಬರಿಯಾಗುವವರೆಗೆ, ಸುಮಾರು ಒಂದು ವರ್ಷ ಯಾರೂ ಕದಲಿಸುವುದಿಲ್ಲ. ಆ ಸಲ ಕಾಯಿ ಇಳಿಸುವ ಹೊತ್ತಿಗೇ ಸಮುದ್ರದ ಕಡೆ ಚಂಡಮಾರುತವೆದ್ದು ಇಲ್ಲಿಗೂ ಎರಡು ದಿನ ಹುಚ್ಚು ಗಾಳಿ ಬೀಸಿತು. ಗಾಳಿ ನಿಂತ ಬೆಳಿಗ್ಗೆ, ಕೊಬ್ಬರಿ ಸುಲಿಯಲು ಬರುವ ರತ್ನಮ್ಮ ಅಟ್ಟದಿಂದಲೇ ಕೂಗಿದಳು. "ಅಕ್ಕಾ, ಯಾವ್ದೋ ಹಕ್ಕಿ ಬಂದ್ ಕೂತೈತೆ. ಕಾಗೆನೂ ಅಲ್ಲ, ಪಾರಿವಾಳನೂ ಅಲ್ಲ ಕಣಕ್ಕ!"

ಬೆನ್ನು ಮಸಿಗಪ್ಪು, ಹೊಟ್ಟೆ ಬಿಳಿ, ಹಣೆಯಲ್ಲೊಂದು ಬಿಳಿ ಮಚ್ಚೆ. ಒಂದು ರೆಕ್ಕೆ ಜೋತುಬಿದ್ದಿತ್ತು. ಗಾಳಿಗೆ ಸರಿದಿದ್ದ ಹೆಂಚಿನ ಸಂದಿಯಿಂದ ಬಿದ್ದಿರಬೇಕು. ನಮ್ಮವರು ಆ ಹೆಂಚನ್ನು ಅಂದೇ ಸರಿಮಾಡಿದರು. ನಾನು ಫೋಟೋ ತೆಗೆದು ನನಗೆ ವಿಜ್ಞಾನ ಕಲಿಸಿದ ಸಿಸ್ಟರ್‌ಗೆ ಕಳಿಸಿದೆ. ಅದು ನಡುಗಡಲಿನ ದ್ವೀಪಗಳ ಹಕ್ಕಿಯಂತೆ. ದ್ವೀಪದ ಸುತ್ತಲಿನ ನೀರಿನಲ್ಲಿ ದೊಡ್ಡ ಮೀನುಗಳು ಕೆಳಗಿನಿಂದ ಅಟ್ಟಿಸಿಕೊಂಡು ಬಂದಾಗ ಸಣ್ಣವು ಮೇಲಕ್ಕೆ ಚಿಮ್ಮುತ್ತವೆ, ಇದು ಹಾರುತ್ತಲೇ ಅವನ್ನು ಕಚ್ಚಿಕೊಳ್ಳುತ್ತದೆ ಎಂದರು. ಬಿರುಗಾಳಿ ಒಮ್ಮೊಮ್ಮೆ ಇಂಥವನ್ನು ಒಳನಾಡಿಗೆ ತಂದು ಬಿಸಾಡುತ್ತದಂತೆ.

ಮರುದಿನ ಹಕ್ಕಿಯ ಪಕ್ಕದಲ್ಲಿ ಒಂದು ಮೀನು ಬಿದ್ದಿತ್ತು. ನನ್ನ ಅಂಗೈಯಷ್ಟುದ್ದ, ನೀಲಿ ಬೆನ್ನು, ಎರಡೂ ಬದಿಗೆ ರೆಕ್ಕೆಯಂತೆ ಅಗಲವಾದ ತೆಳು ಪೊರೆ. ಮೊಟ್ಟೆಯೂ ಹೊಸಿಲು ದಾಟದ ಮನೆ ನಮ್ಮದು. ಮೂಗಿಗೆ ಸೆರಗು ಹಿಡಿದ ನಮ್ಮತ್ತೆಯ ಕಣ್ಣು ನೇರ ರತ್ನಮ್ಮನ ಮೇಲೆ ಹೋಯಿತು.

"ಇವ್ಳೇ ಕಣೇ ತಂದಿರೋದು. ಬುತ್ತೀಲಿ ಕಟ್ಕಂಡ್ ಬಂದು ಹಕ್ಕಿಗ್ ಹಾಕವ್ಳೆ. ಪೂಜೆ ಮಾಡೋ ಮನೆ ಇದು!"

"ಹದಿನೈದು ವರ್ಷದಿಂದ ಬತ್ತಾ ಇವ್ನಿ. ನಿಮ್ಮಟ್ಟದ ಮೇಲೆ ಒಂದಿನ ಉಗುಳಿದೋಳಲ್ಲ ಕಣಮ್ಮ ನಾನು," ಎಂದಳು ರತ್ನಮ್ಮ.

"ನಾಳೆಯಿಂದ ಬರ್ಬೇಡ."

ಅವಳು ತಲೆಗೆ ಸುತ್ತಿದ್ದ ವಸ್ತ್ರ ಕೊಡವಿ ಹೊರಟಳು. ನಾನು ಬಾಯಿ ಬಿಡಲಿಲ್ಲ. ಅದು ಇಂದಿಗೂ ಚುಚ್ಚುತ್ತದೆ.

ಹೊಟ್ಟೆಯಲ್ಲಿದ್ದ ಮೀನನ್ನು ಹಕ್ಕಿಯೇ ಕಕ್ಕಿರಬಹುದು ಎಂದರು ಸಿಸ್ಟರ್. ಅತ್ತೆ ಒಪ್ಪಲಿಲ್ಲ. ಅಂದು ಸಂಜೆ ನಾನೇ ಅಟ್ಟ ಒರೆಸಿ, ಹಕ್ಕಿಯೊಂದನ್ನೇ ಒಳಗೆ ಬಿಟ್ಟು, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಬೆಳಿಗ್ಗೆ ಅತ್ತೆಯನ್ನು ಕರೆದುಕೊಂಡು ಹೋಗಿ, ಅವರೆದುರೇ ಬೀಗ ತೆಗೆದೆ.

ಇನ್ನೊಂದು ಮೀನು. ಅದೇ ರೆಕ್ಕೆ. ಆದರೆ ಇದು ಬದುಕಿತ್ತು. ಕಿವಿರು ತೆರೆದು ಮುಚ್ಚುತ್ತಿತ್ತು, ಬಾಲ ಹಲಗೆಗೆ ಪಟಪಟ ಬಡಿಯುತ್ತಿತ್ತು. ಸುತ್ತ ಒಂದು ಬೊಗಸೆಯಷ್ಟು ನೀರು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡೆ. ಹೌದು, ಅತ್ತೆಯ ಮುಂದೆಯೇ. ಉಪ್ಪು.

ಅತ್ತೆ ನನ್ನ ಮಣಿಕಟ್ಟು ಹಿಡಿದರು. "ಯಾರಿಗೂ ಹೇಳ್ಬೇಡ ಕಣೇ."

ನಾನು ಕೈ ಬಿಡಿಸಿಕೊಂಡು ನೇರ ರತ್ನಮ್ಮನ ಮನೆಗೆ ನಡೆದೆ. ಎಲ್ಲ ಕೇಳಿ ಅವಳು, "ನಿಮ್ಮತ್ತೆ ಮೂಗು ಸರಿಹೋಯ್ತಾ ಅಕ್ಕ?" ಎಂದು ಕೇಳಿದಳಷ್ಟೇ. ಜೊತೆಗೆ ಬಂದಳು. ನಾವು ಬರುವಷ್ಟರಲ್ಲಿ ಹಕ್ಕಿಯೂ ಸತ್ತಿತ್ತು, ಮೀನೂ ಸತ್ತಿತ್ತು. ಇಬ್ಬರೂ ಸೇರಿ ತೋಟದಲ್ಲಿ ಹೂತೆವು.

ಎರಡನೆಯ ಮೀನಿನ ಫೋಟೋ ನೋಡಿ ಸಿಸ್ಟರ್, ಇದು ನಡುಗಡಲಿನ ಹಾರುಮೀನು ಎಂದರು. ಅದು ದಡದ ಹತ್ತಿರಕ್ಕೇ ಬರುವುದು ಅಪರೂಪವಂತೆ. "ಬೆಕ್ಕು ತಂದಿರ್ಬೇಕು ಬುಡು," ಎಂದರು ನಮ್ಮವರು. ಚಿಕ್ಕನಾಯಕನಹಳ್ಳಿಯ ಬೆಕ್ಕು ಯಾವ ಕಡಲಿಗೆ ಹೋಗಿತ್ತು ಎಂದು ಕೇಳಿದೆ.

ಅತ್ತೆ ಈಗಿಲ್ಲ. ತಪ್ಪಾಯಿತು ಎಂದು ಅವರು ಕೊನೆಯವರೆಗೂ ಹೇಳಲಿಲ್ಲ. ಪೂಜೆ ಮನೆಗೆ ಮೀನು ತಂದವಳು ಎಂದು ಊರಿನಲ್ಲಿ ರತ್ನಮ್ಮನನ್ನು ಇಂದಿಗೂ ಆಡಿಕೊಳ್ಳುವವರಿದ್ದಾರೆ. ಬರೆಯುವುದಾದರೆ ಬೆಕ್ಕಿನ ಮೇಲೆ ಹಾಕಿ ಬರಿ, ನಮಗೂ ಮರ್ಯಾದೆ ಎನ್ನುತ್ತಾರೆ ಮನೆಯವರು. ಬರೆಯುವುದಿಲ್ಲ. ಆ ಮೀನು ಹೇಗೆ ಬಂತೋ ನನಗೆ ತಿಳಿಯದು. ರತ್ನಮ್ಮ ತರಲಿಲ್ಲ. ನನಗೆ ಹುಚ್ಚು ಎಂದರೂ ಸರಿಯೇ, ಅವಳು ತರಲಿಲ್ಲ.