ಹದಿನೆಂಟು ಹಿತ್ತಾಳೆ ಪಟ್ಟಿಗಳು

೧೯೯೬ರಲ್ಲಿ, ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ಉಳಿ ಹಿಡಿದವನು ನಾನು. ಟೇಪಿನ ಅಳತೆಗೆ ಬರುವುದನ್ನು ಮಾತ್ರ ನಂಬುತ್ತಿದ್ದೆ. ದೆವ್ವ, ಪವಾಡ ಎಂದವರನ್ನು ನೋಡಿ ನಗುತ್ತಿದ್ದೆ. ನೀವೂ ನಗಬಹುದು, ನನಗೇನೂ ಬೇಜಾರಿಲ್ಲ.

ಹೆಂಡತಿಯ ಕೆಲಸದ ಪರ್ಮಿಟ್ ಮೇಲೆ ನೆದರ್‌ಲ್ಯಾಂಡ್ಸ್‌ಗೆ ಬಂದು ರೈಸ್‌ವೈಕ್‌ನಲ್ಲಿ ಮರಗೆಲಸ ಶುರುಮಾಡಿದೆ. ಕೆಲವು ವರ್ಷಗಳ ಹಿಂದೆ, ಪಕ್ಕದ ಹೇಗ್ ನಗರದ ಯಹೂದಿಗಳ ಹಳೆಯ ಪ್ರಾರ್ಥನಾ ಮಂದಿರ, ಸಿನಗಾಗ್‌ನಲ್ಲಿ ಬೆಂಚುಗಳ ರಿಪೇರಿ ಸಿಕ್ಕಿತು. ಪ್ರಾರ್ಥನೆ, ಮದುವೆ, ಕಾಫಿ, ಹರಟೆ, ಆ ಜನಕ್ಕೆ ಎಲ್ಲಕ್ಕೂ ಅದೇ ಮನೆ. ಅಲ್ಲಿ ಒಬ್ಬೊಬ್ಬರಿಗೂ ಒಂದು ಜಾಗ. ಎದುರಿಗೆ ಪುಸ್ತಕವಿಡುವ ಪೆಟ್ಟಿಗೆ, ಅದರ ಮೇಲೆ ಹೆಸರಿನ ಹಿತ್ತಾಳೆ ಪಟ್ಟಿ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಹಿಡಿದುಕೊಂಡು ಹೋದವರಲ್ಲಿ ಹದಿನೆಂಟು ಜನರ ಪಟ್ಟಿಗಳು ಹಾಗೇ ಉಳಿದಿದ್ದವು. ಅವರು ಯಾರೂ ಹಿಂತಿರುಗಲಿಲ್ಲ.

ಪಾಲಿಶ್ ಮಾಡಲೆಂದು ಹದಿನೆಂಟನ್ನೂ ಬಿಚ್ಚಿ, ಗುರುತು ಹಾಕದೆ, ಒಂದೇ ಬಕೆಟ್ಟಿಗೆ ಹಾಕಿಬಿಟ್ಟೆ! ಹೀಬ್ರೂ ಅಕ್ಷರ ನನಗೆ ಬರುವುದಿಲ್ಲ. ಯಾವುದು ಎಲ್ಲಿತ್ತೆಂದು ಬರೆದಿಟ್ಟವರೂ ಇಲ್ಲ. ಮರುದಿನ ಶನಿವಾರ, ತೊಂಬತ್ತು ದಾಟಿದ ಅಜ್ಜಿಯೊಬ್ಬರು ತಂದೆಯ ಜಾಗದಲ್ಲಿ ಒಮ್ಮೆ ಕೂರಲು ದೂರದಿಂದ ಬರುವವರಿದ್ದರು. ಬಕೆಟ್ಟಿನ ಮುಂದೆ ಕೂತು ಒಂದೊಂದೇ ಪಟ್ಟಿಯನ್ನು ತಿರುಗಿಸಿ ನೋಡತೊಡಗಿದೆ.

ಆಗ, ಹಾಡುಹಗಲಲ್ಲೇ, ಟೋಪಿ ಹಾಕಿದ ಒಬ್ಬ ಮುದುಕರು ಒಳಗೆ ಬಂದರು. ಬಕೆಟ್ ನೋಡಿದರು.

"ಗುರುತು ಹಾಕದೆ ಬಿಚ್ಚೋ ಬಡಗೀನ ಇವತ್ತೇ ಕಣಯ್ಯ ನೋಡಿದ್ದು," ಎಂದು ಡಚ್ಚಿನಲ್ಲಿ ಕಿಚಾಯಿಸಿದರು. ಆಮೇಲೆ ಊಟಕ್ಕೆ ಎಲೆ ಹಾಕುವ ಹಾಗೆ, ಏನೋ ಗುನುಗುತ್ತಾ, ಒಂದೊಂದು ಪೆಟ್ಟಿಗೆಯ ಮೇಲೆ ಒಂದೊಂದು ಪಟ್ಟಿ ಇಟ್ಟರು. ನನ್ನ ಕೈಗೊಂದು ಪೆಪ್ಪರ್‌ಮಿಂಟ್ ಕೊಟ್ಟು ಹೋದರು. ನಾನು ಒಂದೊಂದನ್ನೇ ಅಲ್ಲಲ್ಲೇ ಪಾಲಿಶ್ ಮಾಡಿ ಸ್ಕ್ರೂ ಬಿಗಿದೆ.

ಅಲ್ಲಿನ ಕಾವಲುಗಾರ ಡ್ಯಾನಿಯಲ್ ಕಾಫಿ ತಂದಾಗ, ಆ ಅಜ್ಜ ಯಾರೆಂದು ಕೇಳಿದೆ.

"ಯಾವ ಅಜ್ಜ? ಬಾಗಿಲಿಗೆ ಬೀಗ ಹಾಕಿ ಹೊರಗೆ ನಾನೇ ಕೂತಿದ್ನಲ್ಲ!"

ಶನಿವಾರ ಅಜ್ಜಿ ಬಂದರು. ತಂದೆಯ ಹೆಸರಿನ ಮುಂದೆ ಕೂತು, ಪೆಟ್ಟಿಗೆಯ ಅಡಿಯಲ್ಲಿ ಬೆರಳಾಡಿಸಿದರು. ಒಂದು ಕಡೆ ಬೆರಳು ನಿಂತಿತು. ಇಡೀ ಮಂದಿರ ತಿರುಗಿ ನೋಡುವಂತೆ ನಕ್ಕರು.

"ಐದು ವರ್ಷದವಳಿದ್ದಾಗ ಹೇರ್‌ಪಿನ್ನಲ್ಲಿ ಬಾತುಕೋಳಿ ಗೀಚಿದ್ದೆ. ಅಪ್ಪಂಗೂ ಹೇಳಿರ್ಲಿಲ್ಲ!"

ಬಗ್ಗಿ ನೋಡಿದೆ. ಬಾತುಕೋಳಿಗೆ ಮೂರು ಕಾಲು.

ಆಮೇಲೆ ಎಷ್ಟೋ ಜನರನ್ನು ವಿಚಾರಿಸಿದೆ. ಅಂಥ ಅಜ್ಜನನ್ನು ಕಂಡವರಿಲ್ಲ. ನನಗೆ ಇವತ್ತಿಗೂ ಅರ್ಥವಾಗಿಲ್ಲ. "ಇರುವೆ ಬರತ್ತೆ ರೀ, ಅಜ್ಜ ಕೊಟ್ಟಿದ್ದನ್ನ ತಿಂದ್ಬಿಡಿ," ಎಂದು ಹೆಂಡತಿ ರೇಗಿಸುತ್ತಾಳೆ.

ಈಗ ನನ್ನ ಹತ್ತಿರ ಇರುವುದು: ಸ್ವಂತ ವರ್ಕ್‌ಶಾಪ್ ಒಂದು, ವ್ಯಾನ್ ಒಂದು, ಉಳಿ ಇಪ್ಪತ್ತೆರಡು, ಪೆಪ್ಪರ್‌ಮಿಂಟ್ ಒಂದು.